ಹಳೆಯ ಸ್ನೂಕರ್ ಕ್ಯೂ ಕೊಳ್ಳುವವರೇ, ಫಲಕದ ಮೇಲಿನ ಹೆಸರನ್ನು ನಂಬಿ ಮೋಸಹೋಗಬೇಡಿ

ಕಳೆದ ದಸರಾ ಮುಗಿದ ವಾರ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಹಿಂಬದಿಯ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ 14,000 ರೂಪಾಯಿ ಕೊಟ್ಟು ನಾನು ಒಂದು ಕ್ಯೂ, ಅಂದರೆ ಮೇಜಿನ ಮೇಲೆ ಆಡುವ ಸ್ನೂಕರ್‌ನಲ್ಲಿ ಚೆಂಡು ಹೊಡೆಯುವ ಉದ್ದನೆಯ ಕೋಲು, ಕೊಂಡೆ. ಅದರ ಕಪ್ಪು ಹಿಡಿಕೆಯ ಮೇಲಿನ ಪುಟ್ಟ ಫಲಕದಲ್ಲಿ ಜೋ ಡೇವಿಸ್ ಎಂಬ ಹೆಸರೂ 147 ಎಂಬ ಅಂಕಿಯೂ ಇದ್ದವು. "ಇದು 1930ರ ಸುಮಾರಿನದು ಸಾರ್, ಡೇವಿಸ್ ಕಂಪನಿಯವರು ಅರಮನೆಗೆಂದೇ ಮಾಡಿಕೊಟ್ಟದ್ದು" ಎಂದು ಅಂಗಡಿಯವರು ಹೇಳಿದ್ದನ್ನು ನಾನು ವಿಚಾರಿಸದೆ ಒಪ್ಪಿಕೊಂಡೆ.

ಜೋ ಡೇವಿಸ್ ಕ್ಯೂ ತಯಾರಕರಲ್ಲ. ಅವರು 1927ರಿಂದ 1946ರವರೆಗೆ ಹದಿನೈದು ಬಾರಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದ ಇಂಗ್ಲಿಷ್ ಆಟಗಾರರು. ಹೆಸರಾಂತ ಆಟಗಾರರ ಹೆಸರನ್ನು ಕ್ಯೂಗಳ ಮೇಲೆ ಹಾಕಿ ಮಾರುವುದು ಇಂಗ್ಲೆಂಡಿನ ಹಳೆಯ ರೂಢಿ. ಒಂದು ಕಾರ್ಖಾನೆಯಲ್ಲಿ ತಯಾರಾದ ಕ್ಯೂ ಬೇರೊಬ್ಬ ಮಾರಾಟಗಾರರ ಫಲಕ ಹೊತ್ತು ಬರುವುದೂ ಇತ್ತು. ಆದ್ದರಿಂದ ಫಲಕದಲ್ಲಿರುವುದು ಆಟಗಾರನ ಹೆಸರೋ, ಅಂಗಡಿಯ ಹೆಸರೋ, ನಿಜಕ್ಕೂ ತಯಾರಕರ ಹೆಸರೋ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು. ಇನ್ನು ಆ 147: ಡೇವಿಸ್ ಅಷ್ಟು ಅಂಕಗಳ ಅಧಿಕೃತ ಬ್ರೇಕ್ (ಒಂದೇ ಸರದಿಯಲ್ಲಿ ಸತತವಾಗಿ ಗಳಿಸುವ ಅಂಕ) ಮಾಡಿದ್ದು 1955ರ ಜನವರಿಯಲ್ಲಿ, ಲಂಡನ್ನಿನಲ್ಲಿ. ಆ ಸಾಧನೆಯನ್ನು ಸಾರುವ ಫಲಕ 1930ರಲ್ಲಿ ಇರಲು ಸಾಧ್ಯವೇ ಇಲ್ಲ.

ಇದೆಲ್ಲ ನನಗೆ ತಿಳಿದದ್ದು ತಡವಾಗಿ. ಅದಕ್ಕಿಂತ ದೊಡ್ಡ ತಪ್ಪನ್ನು ನಾನು ಅಷ್ಟರಲ್ಲೇ ಮಾಡಿಬಿಟ್ಟಿದ್ದೆ: ಕ್ಯೂ ಹೊಳೆಯಲೆಂದು ಮರಗೆಲಸದವರೊಬ್ಬರ ಬಳಿ ಉಪ್ಪುಕಾಗದ ಹಾಕಿ ಉಜ್ಜಿಸಿ, ಹೊಸ ಪಾಲಿಷ್ ಮಾಡಿಸಿದ್ದೆ. ಅವರು ನಾನು ಹೇಳಿದ್ದನ್ನೇ ಮಾಡಿದರು, ಅವರನ್ನು ದೂರುವಂತಿಲ್ಲ. ಫಲಕವನ್ನು ಬೇರೆ ಕ್ಯೂನಿಂದ ಕಿತ್ತು ಕೂರಿಸಿದ್ದರೆ ಅದರ ಸುತ್ತಲ ಹಳೆಯ ಬಣ್ಣದಲ್ಲಿ ಗುರುತು ಉಳಿದಿರುತ್ತಿತ್ತು. ಈಗ ಅದನ್ನು ನೋಡುವ ದಾರಿಯೇ ಇಲ್ಲ. ಅಂಗಡಿಯವರೂ "ಉಜ್ಜಿಸಿದ ಮೇಲೆ ವಾಪಸ್ ಇಲ್ಲ" ಎಂದರು.

ಉಳಿದಿರುವ ಒಂದೇ ಸಾಕ್ಷಿ ಮರದ ಜೋಡಣೆ. ತಿಳಿದ ಹಿರಿಯರೊಬ್ಬರು ತೋರಿಸಿಕೊಟ್ಟಂತೆ, ಹಿಡಿಕೆಯ ಕಪ್ಪು ಮರ ತಿಳಿಮರದೊಳಗೆ ಏರುವ ತುದಿಗಳು ಸೂಜಿಯಂತೆ ಚೂಪಾಗಿ, ನಾಲ್ಕೂ ಸಮನಾಗಿದ್ದರೆ ಅದು ಸಾಮಾನ್ಯವಾಗಿ ಯಂತ್ರದ ಕೆಲಸ. ಕೈಯಿಂದ ಕೂಡಿಸಿದ್ದರಲ್ಲಿ ತುದಿಗಳು ದುಂಡಗಿರುತ್ತವೆ. ನನ್ನದರಲ್ಲಿ ನಾಲ್ಕೂ ಚೂಪು. ದಯವಿಟ್ಟು ಹಣ ಕೊಡುವ ಮುನ್ನ ಈ ತುದಿಗಳನ್ನೂ ಫಲಕದ ಅಂಚನ್ನೂ ಹಿಡಿಕೆಯ ಬುಡವನ್ನೂ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ತಿಳಿದವರಿಗೆ ತೋರಿಸಿ, ಅಲ್ಲಿಯವರೆಗೆ ಒದ್ದೆ ಬಟ್ಟೆಯಿಂದಲೂ ಒರೆಸಬೇಡಿ. ಹಳೆಯ ಕ್ಯೂಗಳ ಮೇಲೆ ತೂಕವನ್ನು ಔನ್ಸ್‌ಗಳಲ್ಲಿ ಒತ್ತಿರುವುದುಂಟು. ನನ್ನದರ ಬುಡದಲ್ಲೂ ಮಾಸಿದ ಅಂಕಿಯೊಂದು ಇತ್ತೆಂದು ನೆನಪಿದೆ. ಅದು 16 ಆಗಿತ್ತೋ 18 ಆಗಿತ್ತೋ ಈಗ ಹೇಳಲಾರೆ.