ಗ್ರಂಥಿಗೆ ಅಂಗಡಿಯಲ್ಲಿ ಕೂಸಿನ ಹೊಟ್ಟೆನೋವಿಗೆ ಸಿಗುವ ಸಾಮಾನು: ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು

ಮೈಸೂರಿನ ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿರುವ ಒಂದು ಹಳೆಯ ಗ್ರಂಥಿಗೆ ಅಂಗಡಿಯಿಂದಲೇ ನಮ್ಮ ಮನೆಗೆ ಬಾಣಂತನದ ಸಾಮಾನು ಬರುತ್ತದೆ. ಸಂಜೆಯಾಗುತ್ತಿದ್ದಂತೆ ಕಾಲುಗಳನ್ನು ಹೊಟ್ಟೆಗೆ ಮಡಚಿಕೊಂಡು, ಮುಖ ಕೆಂಪಾಗುವಷ್ಟು ಅಳುತ್ತಿದ್ದ ಮೊಮ್ಮಗಳಿಗಾಗಿ ಅಲ್ಲಿಂದ ಓಮ, ಗಟ್ಟಿ ಇಂಗು ಮತ್ತು ಹರಳೆಣ್ಣೆಯನ್ನು ತಂದೆವು. ಆ ಅಂಗಡಿಯ ಬಗ್ಗೆಯೂ ಆ ವಸ್ತುಗಳ ಬಗ್ಗೆಯೂ ಹೊಸ ತಾಯಂದಿರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲು ಮೆಚ್ಚಬೇಕಾದದ್ದು ಅಂಗಡಿಯವರ ವಿಚಾರಣೆಯನ್ನು. ಕೂಸಿಗೆ ಎಷ್ಟು ತಿಂಗಳು, ತಾಯಿಹಾಲು ಮಾತ್ರವೇ, ಹೊಕ್ಕುಳು ಒಣಗಿದೆಯೇ ಎಂದು ಕೇಳಿದ ಮೇಲೆಯೇ ಅವರು ತಕ್ಕಡಿ ಹಿಡಿಯುತ್ತಾರೆ. ಓಮವನ್ನು ತೂಗುವ ಮೊದಲು ಒಂದು ಚಿಟಿಕೆಯನ್ನು ನಮ್ಮ ಅಂಗೈಗೆ ಹಾಕಿ ತಿಕ್ಕಿ ನೋಡಲು ಹೇಳಿದರು; ಥೈಮಾಲ್ ಎಂಬ ತೈಲಾಂಶದ ಆ ಕಟುವಾದ ಪರಿಮಳ ತಕ್ಷಣ ಮೂಗಿಗೆ ಹತ್ತಿದರೆ ಮಾತ್ರ ಓಮ ಹೊಸದೆಂದು ಅರ್ಥ. ಇಂಗಿನ ವಿಷಯದಲ್ಲೂ ಅವರ ಸಲಹೆ ಸರಿಯಾಗಿತ್ತು. ಅಡುಗೆಯ ಇಂಗಿನ ಪುಡಿಯಲ್ಲಿ ಹಿಟ್ಟೂ ಗೋಂದೂ ಬೆರೆತಿರುತ್ತವೆಯಾದ್ದರಿಂದ ಗಟ್ಟಿ ಇಂಗನ್ನೇ ಕೊಟ್ಟರು.

ಓಮವನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಹಳೆಯ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ನಮ್ಮ ಮಣಿಕಟ್ಟಿನ ಒಳಭಾಗಕ್ಕೆ ಒತ್ತಿ ಬಿಸಿ ಹದವಾಗಿದೆಯೆಂದು ಖಾತ್ರಿಯಾದ ಮೇಲೆ, ಅಂಗಿಯ ಮೇಲಿಂದಲೇ ಕೂಸಿನ ಹೊಟ್ಟೆಗೆ ಮೆಲ್ಲಗೆ ಶಾಖ ಕೊಡುತ್ತೇವೆ. ಕೂಸಿನ ಚರ್ಮ ಬಹಳ ತೆಳುವಾದ್ದರಿಂದ ಈ ಪರೀಕ್ಷೆಯನ್ನು ಒಮ್ಮೆಯೂ ಬಿಡಬಾರದು. ಹರಳೆಣ್ಣೆ ಸವರಿದ ವೀಳ್ಯದೆಲೆಯನ್ನು ಬಾಡಿಸಿ ಹೊಟ್ಟೆಯ ಮೇಲೆ ಹಾಕುವುದಕ್ಕೂ ಇದೇ ಎಚ್ಚರಿಕೆ ಬೇಕು. ಇಂಗನ್ನು ಬಿಸಿನೀರಿನಲ್ಲಿ ತೇಯ್ದು ಹೊಕ್ಕುಳಿನ ಸುತ್ತ ತೆಳುವಾಗಿ ಹಚ್ಚಬಹುದು. ಚರ್ಮ ಕೆಂಪಾದರೆ ಕೂಡಲೇ ತೊಳೆಯಬೇಕು. ಕೂಸಿಗೆ ಇವುಗಳಿಂದ ಸಮಾಧಾನವಾದದ್ದನ್ನು ಕಂಡಿದ್ದೇನೆ, ಆದರೆ ಅದರಲ್ಲಿ ಬಿಸುಪಿಗೂ ಕೈಯ ಸ್ಪರ್ಶಕ್ಕೂ ದೊಡ್ಡ ಪಾಲಿದೆ ಎಂಬುದು ನನ್ನ ಅಭಿಪ್ರಾಯ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದು, ಸ್ವಲ್ಪ ಹೊತ್ತು ಬಿಟ್ಟು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಹೊಟ್ಟೆ ನೀವುವುದು, ಸೈಕಲ್ ತುಳಿಸಿದ ಹಾಗೆ ಕಾಲುಗಳನ್ನು ಆಡಿಸುವುದು, ಇವಕ್ಕೆ ಯಾವ ಅಂಗಡಿಯ ಸಾಮಾನೂ ಬೇಕಿಲ್ಲ.

ಇದೇ ಅಂಗಡಿಯಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ತೇಯ್ದು ನೆಕ್ಕಿಸುವ ಪೊಟ್ಟಣ. ಬಜೆ, ಜಾಯಿಕಾಯಿ, ಅಳಲೆಕಾಯಿ ಎಲ್ಲವನ್ನೂ ಒಂದೇ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಅದರ ಮೇಲೆ ವಸ್ತುವಿನ ಹೆಸರಿಲ್ಲ, ತಾರೀಖಿಲ್ಲ. ಸಾಣೆಕಲ್ಲಿನ ಮೇಲೆ ಎಷ್ಟು ಸುತ್ತು ತೇಯುತ್ತೇವೆಯೋ ಅದೇ ಪ್ರಮಾಣ, ಅಂದರೆ ಅದು ಪ್ರತಿಯೊಬ್ಬರ ಕೈಗೆ ಒಂದೊಂದು ಬಗೆ. ಬಜೆಯಲ್ಲಿರುವ ಬೀಟಾ ಅಸರೋನ್ ಎಂಬ ಅಂಶದ ಹಾನಿಯನ್ನು ಕಂಡು ಅಮೆರಿಕದಲ್ಲಿ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದ್ದಾರೆ. ಜಾಯಿಕಾಯಿ ಹೆಚ್ಚಾದರೆ ವಿಷವಾಗುತ್ತದೆ. ಇಂಗನ್ನು ಹೊಟ್ಟೆಯ ಮೇಲೆ ಹಚ್ಚಬಹುದೇ ಹೊರತು ಎಳೆಗೂಸಿನ ಬಾಯಿಗೆ ಹಾಕಬಾರದು. ಜೇನು ಬೆರೆಸಿ ನೆಕ್ಕಿಸುವ ರೂಢಿಯಂತೂ ಇನ್ನೂ ಅಪಾಯದ್ದು, ಏಕೆಂದರೆ ಒಂದು ವರ್ಷದೊಳಗಿನ ಮಕ್ಕಳಿಗೆ ಜೇನಿನಿಂದ ಬಾಟುಲಿಸಮ್ ಎಂಬ, ನರಗಳ ಶಕ್ತಿ ಕುಂದಿಸುವ ಗಂಭೀರ ಕಾಯಿಲೆ ತಗಲಬಹುದು. ಆರು ತಿಂಗಳು ತುಂಬುವವರೆಗೆ ತಾಯಿಹಾಲಲ್ಲದೆ ನೀರನ್ನೂ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಣಂತಿ ಮನೆಗಳಲ್ಲಿ ಹಿರಿಯರ ಮಾತು ನಡೆಯುವುದರಿಂದ ಹಿರಿಯಳಾಗಿ ನಾನೇ ಇದನ್ನು ಒತ್ತಿ ಹೇಳಬೇಕಾಗಿದೆ. ಬಜೆಯ ಮಣಿ ಪೋಣಿಸಿದ ಬಳೆಯನ್ನೂ ನಾವು ತರಲಿಲ್ಲ. ಕೂಸು ಕೈಯನ್ನು ಸದಾ ಬಾಯಿಗೆ ಹಾಕುತ್ತಿರುತ್ತದೆ.

ಬೆಲೆ ಹೊರೆಯಲ್ಲ, ಬೇಕಾದಷ್ಟನ್ನೇ ತೂಗಿಸಿಕೊಳ್ಳಬಹುದು. ಆದರೆ ಈ ಸಾಮಾನು ಅಳುವನ್ನು ಪೂರ್ತಿ ನಿಲ್ಲಿಸುತ್ತದೆಂದು ಎಣಿಸಬೇಡಿ. ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರದಲ್ಲಿ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಕಾಲ ಅಳುವ ಆರೋಗ್ಯವಂತ ಕೂಸಿಗೆ ಇರುವುದು ಕಾಲಿಕ್ ಎಂದು ಮೊರಿಸ್ ವೆಸೆಲ್ ಎಂಬ ವೈದ್ಯರೂ ಅವರ ಸಂಗಡಿಗರೂ 1954ರಲ್ಲಿ ಗುರುತಿಸಿದರು. ಅದು ಸಾಮಾನ್ಯವಾಗಿ ಆರನೇ ವಾರದ ಹೊತ್ತಿಗೆ ಏರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಅಲ್ಲಿಯವರೆಗೆ ತಾಯಿಗೆ ನಿದ್ದೆ ಸಿಗುವಂತೆ ಮನೆಯವರು ಸರದಿಯಲ್ಲಿ ಕೂಸನ್ನು ಎತ್ತಿಕೊಳ್ಳುವುದು ಓಮದ ಶಾಖದಷ್ಟೇ ಮುಖ್ಯ.

ಓಮ ಮತ್ತು ಹರಳೆಣ್ಣೆಗಾಗಿ ಈ ಅಂಗಡಿಗೆ ನಿಸ್ಸಂಕೋಚವಾಗಿ ಹೋಗಿ. ನೆಕ್ಕಿಸುವ ಪೊಟ್ಟಣವನ್ನು ಬೇಡವೆಂದು ಹೇಳಿ ಬನ್ನಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಹಸಿರು ಬಣ್ಣದ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಬಿಗಿದು ಉಬ್ಬಿದರೆ, ಕೂಸು ಹಾಲು ಬಿಟ್ಟು ಮಂಕಾದರೆ ಶಾಖ ಕೊಡುತ್ತಾ ಕೂರದೆ, ಅಪರಾತ್ರಿಯಾದರೂ ಸರಿ, ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಹೊರಡಬೇಕು.