ನಾಟಕದ ಡಿಗ್ರಿ: ಕಟ್ಟಿದ ಫೀಸಿಗೆ ಸಿಕ್ಕಿದ್ದೇನು?

ಕಳೆದ ತಿಂಗಳು ನನ್ನ ಓದಿನ ಸಾಲದ ಕೊನೆಯ ಕಂತು ಕಟ್ಟಿದೆ. ಸಾಲ ತೀರಿಸಲು ಒಂಬತ್ತು ವರ್ಷ ಹಿಡಿಯಿತು. ಈಗ ಲೆಕ್ಕ ಪೂರ್ತಿ ಕಣ್ಣ ಮುಂದಿದೆ, ಹಾಗಾಗಿ ಈ ರಿವ್ಯೂ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕು ವರ್ಷದ ನಾಟಕದ ಡಿಗ್ರಿ. ಕಾಲೇಜಿನ ಹೆಸರು ಬೇಡ. ಬೇರೆ ಕಡೆ ಓದಿದ ಗೆಳೆಯರ ಕಥೆಯೂ ಹೆಚ್ಚು ಕಡಿಮೆ ಇದೇ.

ಮೊದಲು ನಟನೆಯ ವಿಷಯ. ನಾನು ಸೇರಿದ್ದೇ ಅದಕ್ಕೆ. ಪಾಠ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಉಸಿರು ಹಿಡಿಯುವುದು, ಕೊನೆಯ ಸಾಲಿನವರಿಗೂ ಕೇಳುವ ಹಾಗೆ ಮಾತಾಡುವುದು, ಎದುರಿನವರ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುವುದು, ಎಲ್ಲ ಅಲ್ಲೇ ಬಂತು. ಆದರೆ ಡಿಗ್ರಿ ಮುಗಿಸಿ ಹದಿನಾಲ್ಕು ತಿಂಗಳು ಆಡಿಷನ್‌ಗೆ ಅಲೆದೆ. ಒಬ್ಬರೂ ಸರ್ಟಿಫಿಕೇಟ್ ಕೇಳಲಿಲ್ಲ. ಎರಡು ನಿಮಿಷ ಮಾತು ಹೇಳಿಸುತ್ತಿದ್ದರು, ಎತ್ತರ ಕೇಳುತ್ತಿದ್ದರು, ಆಮೇಲೆ ತಿಳಿಸ್ತೀವಿ ಅನ್ನುತ್ತಿದ್ದರು. ಒಂದು ಪಾತ್ರ ಸಿಕ್ಕಿತು. ಆರು ವಾರ ರಿಹರ್ಸಲ್, ಒಂಬತ್ತು ಪ್ರದರ್ಶನ. ದುಡ್ಡು ಪ್ರದರ್ಶನದ ದಿನಗಳಿಗೆ ಮಾತ್ರ.

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ನೂರಾರು ಕೆಲಸಗಳಿಗೆ ವರ್ಷದ ಸಂಬಳ ಎಷ್ಟು ಅಂತ ಪ್ರಕಟಿಸುತ್ತದೆ. ನಟರಂಥ ಕೆಲವು ಕೆಲಸಗಳಿಗೆ ಗಂಟೆಯ ಕೂಲಿಯಷ್ಟೇ ಕೊಟ್ಟು ಸುಮ್ಮನಾಗುತ್ತದೆ. ವರ್ಷವಿಡೀ ಕೆಲಸ ಇರುವುದೇ ಅಪರೂಪ, ಗಂಟೆಯ ಕೂಲಿಯನ್ನು ವರ್ಷಕ್ಕೆ ಗುಣಿಸಿದರೆ ಸುಳ್ಳು ಲೆಕ್ಕವಾಗುತ್ತದೆ ಅಲ್ವಾ? ಆ ಹದಿನಾಲ್ಕು ತಿಂಗಳಲ್ಲಿ ನನ್ನ ಬ್ಯಾಂಕ್ ಪಾಸ್‌ಬುಕ್ ಕೂಡ ಇದನ್ನೇ ಹೇಳುತ್ತಿತ್ತು.

ಇದರ ಕಾರಣವನ್ನು ವಿಲಿಯಂ ಬೌಮೋಲ್, ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲೇ ಬಿಡಿಸಿ ಹೇಳಿದ್ದಾರೆ. ಕಾರ್ಖಾನೆಗೆ ಹೊಸ ಯಂತ್ರ ಬಂದರೆ ಅಷ್ಟೇ ಜನ ಜಾಸ್ತಿ ಮಾಲು ತಯಾರಿಸುತ್ತಾರೆ, ಸಂಬಳ ಏರಿಸಲು ದಾರಿಯಾಗುತ್ತದೆ. ಎರಡು ಗಂಟೆಯ ನಾಟಕಕ್ಕೆ ಯಾವ ಯಂತ್ರ ಬಂದರೂ ಎರಡು ಗಂಟೆಯೇ ಬೇಕು, ಅಷ್ಟೇ ಜನರೂ ಬೇಕು. ಹೊರಗೆ ಎಲ್ಲರ ಸಂಬಳ ಏರಿದಂತೆ ನಾಟಕ ಆಡಿಸುವ ಖರ್ಚೂ ಏರುತ್ತದೆ, ಟಿಕೆಟ್ ದುಡ್ಡು ಅದರ ಹಿಂದೆ ಓಡಿ ಸೋಲುತ್ತದೆ. ನಮಗೆ ಈ ಪಾಠ ಬಂದದ್ದು ಕೊನೆಯ ಸೆಮಿಸ್ಟರ್‌ನಲ್ಲಿ, ಒಂದೇ ಒಂದು ಕ್ಲಾಸು. ಸೇರುವ ದಿನವೇ ಹೇಳಬೇಕಿತ್ತು. ನನಗೆ ಕಾಲೇಜಿನ ಮೇಲೆ ಇವತ್ತಿಗೂ ಕೋಪ ಇರುವುದು ಇದೊಂದಕ್ಕೆ. ಕರಾರು ಪತ್ರ ಓದುವುದು, ಬಿಲ್ ಬರೆಯುವುದು, ತೆರಿಗೆ ಕಟ್ಟುವುದು, ಇದ್ಯಾವುದನ್ನೂ ನಾಲ್ಕು ವರ್ಷದಲ್ಲಿ ಯಾರೂ ಹೇಳಿಕೊಡಲಿಲ್ಲ.

ಇನ್ನು, ಕಟ್ಟಿದ ದುಡ್ಡು ವಾಪಸ್ ಬಂದ ಕಥೆ. ಎರಡನೇ ವರ್ಷದಲ್ಲಿ ಒಂದು ನಾಟಕದ ಸ್ಟೇಜ್ ಮ್ಯಾನೇಜರ್ ಅರ್ಧಕ್ಕೇ ಬಿಟ್ಟುಹೋದ. ಪಾತ್ರ ಸಿಗದೆ ಖಾಲಿ ಇದ್ದವಳು ನಾನೇ, ಹೆಡ್‌ಸೆಟ್ ನನ್ನ ತಲೆಗೆ ಬಂತು. ಒಂದು ದಪ್ಪ ಪ್ರಾಂಪ್ಟ್ ಬುಕ್. ಒಂದು ಬದಿ ನಾಟಕದ ಮಾತು, ಇನ್ನೊಂದು ಬದಿ ಯಾವ ಮಾತಿಗೆ ಯಾವ ಬೆಳಕು, ಯಾವ ಶಬ್ದ ಅಂತ ಪೆನ್ಸಿಲ್ಲಿನಲ್ಲಿ ಗುರುತು. ಪೆನ್ನಿನಲ್ಲಿ ಬರೆಯುವ ಹಾಗಿಲ್ಲ, ಪ್ರದರ್ಶನದ ದಿನದವರೆಗೂ ಬದಲಾಗುತ್ತಲೇ ಇರುತ್ತದೆ. ನಾನು 'ಸ್ಟ್ಯಾಂಡ್‌ಬೈ' ಅಂದರೆ ಲೈಟಿನವನು ಬಟನ್ ಮೇಲೆ ಬೆರಳಿಡುತ್ತಾನೆ. 'ಗೋ' ಅಂದಾಗ ಮಾತ್ರ ಒತ್ತುತ್ತಾನೆ. ಹಾಗಾಗಿ ಹೆಡ್‌ಸೆಟ್‌ನಲ್ಲಿ 'ಗೋ' ಅನ್ನುವ ಪದವನ್ನು ಸುಮ್ನೆ ಬಳಸಬಾರದು ಅನ್ನುವುದು ನಾನು ಕಲಿತ ಮೊದಲ ನಿಯಮ. ಆ ನಾಟಕಕ್ಕೆ ಇಂಥ 140 ಕ್ಯೂ, ಅಂದರೆ ಬೆಳಕು, ಶಬ್ದಕ್ಕೆ ಕೊಡುವ ಸೂಚನೆಗಳು, ಇದ್ದವು. ಮೊದಲ ರಾತ್ರಿ ಒಂದೂ ತಪ್ಪಲಿಲ್ಲ. ತೆರೆ ಬಿದ್ದ ಮೇಲೆ ರಂಗದ ಪಕ್ಕದ ವಿಂಗ್‌ನಲ್ಲಿ ಕೂತು ಅತ್ತುಬಿಟ್ಟೆ.

ಈಗ ನಾನು ದೊಡ್ಡ ವೈದ್ಯಕೀಯ ಸಮ್ಮೇಳನಗಳನ್ನು ನಡೆಸಿಕೊಡುವ ಕಡೆ ಕೆಲಸ ಮಾಡುತ್ತೇನೆ. ಇಂಟರ್‌ವ್ಯೂನಲ್ಲಿ ಕೇಳಿದ ಪ್ರಶ್ನೆ ಒಂದೇ: ಮುಖ್ಯ ಭಾಷಣಕಾರರು ಬರದಿದ್ದರೆ ಏನು ಮಾಡ್ತೀರಿ? ಮಧ್ಯಂತರದಲ್ಲಿ ನಮ್ಮ ನಾಯಕ ನಟನ ಗಂಟಲು ಕಟ್ಟಿದ ರಾತ್ರಿಯ ಕಥೆ ಹೇಳಿದೆ. ಹದಿನೈದು ನಿಮಿಷದಲ್ಲಿ ಬದಲಿ ನಟನಿಗೆ ಬಟ್ಟೆ ತೊಡಿಸಿ, ನಾಲ್ಕು ಲೈಟ್ ಕ್ಯೂ ಬದಲಿಸಿ, ಹೊತ್ತಿಗೆ ಸರಿಯಾಗಿ ತೆರೆ ಎತ್ತಿಸಿದ್ದೆ. ಅವತ್ತೇ ಕೆಲಸ ಖಾಯಂ ಆಯಿತು. ನಮ್ಮ ಬ್ಯಾಚಿನ ಲೈಟಿಂಗ್ ಹುಡುಗನಿಗಂತೂ ರಿಸಲ್ಟ್ ಬರುವ ಮೊದಲೇ ಕೆಲಸ ಸಿಕ್ಕಿತ್ತು.

ಆದರೂ ಸಾಲ ಮಾಡಿ ಸೇರಿ ಅಂತ ನಾನು ಯಾರಿಗೂ ಹೇಳಲಾರೆ. ದೊಡ್ಡ ಹೆಸರು ಕೂಡ ಕಾಪಾಡುವುದಿಲ್ಲ. ಹಾರ್ವರ್ಡ್‌ನಲ್ಲಿ ಎರಡು ವರ್ಷದ ನಾಟಕ ಕೋರ್ಸ್ ಒಂದಿತ್ತು. ಓದಿದವರ ತಲೆ ಮೇಲೆ ಸುಮಾರು 78,000 ಡಾಲರ್ ಸಾಲ, ವರ್ಷದ ಗಳಿಕೆ ಸುಮಾರು 36,000 ಡಾಲರ್. ಸಾಲಕ್ಕೂ ಸಂಬಳಕ್ಕೂ ತಾಳೆ ನೋಡುವ ಸರ್ಕಾರಿ ಪರೀಕ್ಷೆಯಲ್ಲಿ ಅದು ಫೇಲಾಯಿತು. 2017ರಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಯೇಲ್‌ನ ನಾಟಕ ಶಾಲೆ 2021ರಲ್ಲಿ ಸಂಗೀತ, ಸಿನಿಮಾ ಉದ್ಯಮಿ ಡೇವಿಡ್ ಗೆಫೆನ್ ಕೊಟ್ಟ 15 ಕೋಟಿ ಡಾಲರ್‌ನಿಂದ ಬೋಧನಾ ಶುಲ್ಕವನ್ನೇ ತೆಗೆದುಹಾಕಿತು. ಫೀಸಿಲ್ಲದೆ ಸೀಟು ಸಿಕ್ಕರೆ ಕಣ್ಣು ಮುಚ್ಚಿ ಸೇರಿ. ನನ್ನ ಸಂಬಳದ ಮೂರನೇ ಒಂದು ಪಾಲು ಒಂಬತ್ತು ವರ್ಷ ಕಂತಿಗೇ ಹೋಯಿತು. ಆ ವರ್ಷಗಳಲ್ಲಿ ಸಂಜೆ ನಾಟಕ ಮಾಡುವ ಆಸೆ ಇದ್ದರೂ ಎರಡನೇ ಕೆಲಸಕ್ಕೆ ಓಡಬೇಕಾಗುತ್ತಿತ್ತು.

ಸ್ಟಾರ್ ಕೊಡುವುದಾದರೆ ತೆರೆಯ ಹಿಂದಿನ ಪಾಠಕ್ಕೆ ಐದು. ನಟನೆಯ ಪಾಠಕ್ಕೆ ನಾಲ್ಕು, ಅದರಿಂದ ಬಂದ ಗಳಿಕೆಗೆ ಒಂದು. ದುಡ್ಡಿನ ಸತ್ಯ ಹೇಳಿದ್ದಕ್ಕೆ ಒಂದೂ ಇಲ್ಲ.

ಕಾಲೇಜು ನೋಡಲು ಹೋದಾಗ ಹಿಂದಿನ ಐದು ವರ್ಷದ ಬ್ಯಾಚುಗಳ ಪೂರ್ತಿ ಪಟ್ಟಿ ಕೇಳಿ, ಯಾರು ಎಲ್ಲಿ ಏನು ಮಾಡುತ್ತಿದ್ದಾರೆ ಅಂತ. ನಮಗೆ ತೋರಿಸಿದ್ದು ಗೋಡೆ ಮೇಲಿನ ಮೂರು ಫೋಟೋ. ನಮ್ಮ ಬ್ಯಾಚಿನಲ್ಲೇ 22 ಜನ ಇದ್ದೆವು.