ಫ್ಲವರ್‌ಪಾಟ್ ಹವಳ ಕೊಳ್ಳುವ ಮುಂಚೆ ನನ್ನ ಕಥೆ ಓದಿ

ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟವರಿಗೆ, ಇಡಬೇಕು ಅಂತ ಆಸೆ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಕಾಫಿ ತೋಟದ ನಂಟು ಇರುವವರು ಕೊನೆವರೆಗೂ ಓದಿ. ಕಳೆದ ನವೆಂಬರ್‌ನಲ್ಲಿ ನಾನೊಂದು ಗೋನಿಯೋಪೊರಾ, ಅಂದರೆ ಫ್ಲವರ್‌ಪಾಟ್ ಹವಳ, ತಂದೆ. ಜೂನ್‌ನಲ್ಲಿ ಅದು ಸತ್ತಿತು. 7 ತಿಂಗಳು. ಅಷ್ಟರಲ್ಲಿ ನಾನು ಮಾಡಬಹುದಾದ ತಪ್ಪು ಒಂದನ್ನೂ ಬಿಟ್ಟಿರಲಿಲ್ಲ.

ನಾನಿರುವುದು ಚಿಕ್ಕಮಗಳೂರು ಪೇಟೆಯಲ್ಲಿ. ಟ್ಯಾಂಕ್ 3 ಅಡಿಯದ್ದು, ಸುಮಾರು 190 ಲೀಟರ್ ಹಿಡಿಯುತ್ತದೆ. ಒಂದು ಜೊತೆ ಕ್ಲೌನ್ ಮೀನು, ಒಂದು ಕ್ಲೀನರ್ ಸಿಗಡಿ, ಹತ್ತಿಪ್ಪತ್ತು ಬಸವನಹುಳು, ಒಂದಿಷ್ಟು ಮೆತ್ತನೆ ಹವಳ. ಎರಡು ವರ್ಷ ಎಲ್ಲ ಸರಾಗವಾಗಿ ನಡೆದಿತ್ತು. ಸೆಕೆ ಊರಿನವರು ನೀರು ತಣ್ಣಗಿಡಲು ಚಿಲ್ಲರ್‌ಗೆ ದುಡ್ಡು ಸುರಿಯುತ್ತಾರೆ. ನಮಗೆ ಆ ಪಾಡಿಲ್ಲ. ಏಪ್ರಿಲ್‌ನಲ್ಲಿ ಒಂದು ಚಿಕ್ಕ ಫ್ಯಾನ್, ಡಿಸೆಂಬರ್ ಚಳಿಗೆ ಒಂದು ಹೀಟರ್ ಇದ್ದರೆ ನೀರು 25 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಷ್ಟಕ್ಕೇ ನಾನು ದೊಡ್ಡ ಪಂಡಿತ ಅಂದುಕೊಂಡುಬಿಟ್ಟೆ.

ಬೆಂಗಳೂರಿನ ಒಬ್ಬ ಮಾರಾಟಗಾರ ವಾಟ್ಸಾಪ್‌ನಲ್ಲಿ ವಿಡಿಯೊ ಕಳಿಸಿದ. ಹಸಿರು ಫ್ಲವರ್‌ಪಾಟ್. ಮುಷ್ಟಿಯಷ್ಟು ದೊಡ್ಡ ಗುಂಡುಕಲ್ಲು, ಅದರ ಮೈತುಂಬ ಉದ್ದ ತೊಟ್ಟುಗಳು, ಪ್ರತಿ ತೊಟ್ಟಿನ ತುದಿಗೂ ಒಂದು ಹೂವು. ಒಂದೊಂದಕ್ಕೂ 24 ಎಸಳು. ನೀರು ಅಲುಗಿದರೆ ಅಷ್ಟೂ ಒಟ್ಟಿಗೆ ತೂಗುತ್ತವೆ.

"ಸಾರ್, ಇದು ಹೊಸಬರಿಗೂ ಆಗುತ್ತೆ. ಲೈಟ್ ಕೊಟ್ಟರೆ ಸಾಕು, ಊಟನೇ ಬೇಡ" ಅಂದ.

"ಬಿಲ್ ಕೊಡ್ತೀರಾ?"

"ಫಾರ್ಮ್‌ನಲ್ಲಿ ಬೆಳೆಸಿದ್ದು ಸಾರ್, ಅದೆಲ್ಲ ಏನೂ ಬೇಕಾಗಲ್ಲ."

ಅಲ್ಲಿಗೇ ನಾನು ಫೋನ್ ಇಡಬೇಕಿತ್ತು. ಇಡಲಿಲ್ಲ, 4,500 ರೂಪಾಯಿ ಕಳಿಸಿದೆ. ರಾತ್ರಿ ಬಸ್ಸಿಗೆ ಥರ್ಮಾಕೋಲ್ ಡಬ್ಬಿ ಬಂತು. ಎರಡನೇ ದಿನಕ್ಕೇ ಪೂರ್ತಿ ಅರಳಿತು. ಅಮ್ಮ ನೋಡಿ, "ಒಳ್ಳೆ ಸೇವಂತಿಗೆ ಕಂಡ ಹಾಗಿದೆ ಕಣೋ" ಅಂದರು. ಮನೆಗೆ ಬಂದವರೆಲ್ಲ ಕಾಫಿ ಲೋಟ ಹಿಡಿದು ಟ್ಯಾಂಕ್ ಮುಂದೆ ನಿಲ್ಲುವವರೇ. ಮೂರು ತಿಂಗಳು ಇದೇ ಸಂಭ್ರಮ.

ನಾನು ಮೋಸಹೋದದ್ದು ಇಲ್ಲಿ. ಗಿಡ ಹೂಬಿಟ್ಟರೆ ಗಿಡ ಚೆನ್ನಾಗಿದೆ ಅಂತ ನೋಡಿ ಬೆಳೆದವರು ನಾವು. ಆದರೆ ಇದು ಗಿಡವಲ್ಲವಲ್ಲ. ಒಂದೊಂದು ಹೂವೂ ಒಂದೊಂದು ಪುಟ್ಟ ಪ್ರಾಣಿ, ನಟ್ಟನಡುವೆ ಬಾಯಿ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇದೆ. ಬೆಳಕು ಬಿದ್ದರೆ ಆ ಪಾಚಿ ಸಕ್ಕರೆ ಮಾಡಿಕೊಡುತ್ತದೆ. ಮಾರಾಟಗಾರ ಹೇಳಿದ "ಲೈಟ್ ಸಾಕು" ಅನ್ನುವುದು ಇಷ್ಟರ ಮಟ್ಟಿಗೆ ನಿಜ. ಆದರೆ ಬರೀ ಸಕ್ಕರೆ ನೀರು ಕುಡಿಸಿ ಮಗು ಸಾಕಲಾಗುತ್ತದೆಯೇ? ಗೋನಿಯೋಪೊರಾಕ್ಕೆ ನೀರಿನಲ್ಲಿ ತೇಲಿಬರುವ ತೀರಾ ಸಣ್ಣ ಜೀವಿಗಳು ಬೇಕು. ರೋಟಿಫರ್, ಫೈಟೋಪ್ಲಾಂಕ್ಟನ್, ಇಲ್ಲವೇ ಹಿಟ್ಟಿನಷ್ಟು ನುಣ್ಣನೆಯ ಹವಳದ ಆಹಾರ. ಮೀನಿಗೆ ಹಾಕುವ ದಪ್ಪ ತುಣುಕು ಅದರ ಬಾಯಿಗೆ ಆಗಿಬರುವುದಿಲ್ಲ. ಕಬ್ಬಿಣ, ಮ್ಯಾಂಗನೀಸ್ ಕೂಡ ಹನಿಹನಿಯಾಗಿ ಕೊಡಬೇಕು ಅನ್ನುತ್ತಾರೆ ಇದನ್ನು ಪಳಗಿಸಿದವರು. ಕೆಂಪು ಬಣ್ಣದ್ದು ಸ್ವಲ್ಪ ತಾಳಿಕೆಯದ್ದಂತೆ. ನನಗೆ ಸಿಕ್ಕಿದ್ದು ಹಸಿರು.

ಇದರ ಕೆಟ್ಟ ಗುಣ ಏನೆಂದರೆ, ಉಪವಾಸ ಬಿದ್ದರೂ ತಿಂಗಳುಗಟ್ಟಲೆ ಅರಳಿಕೊಂಡೇ ಇರುತ್ತದೆ. ಒಳಗಿನ ಕೂಡಿಟ್ಟ ಗಂಟು ಕರಗುತ್ತಾ ಬರುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಮೇಲಿನ ಹೂವನ್ನು ನೋಡಬೇಡಿ, ಬುಡ ನೋಡಿ. ಮಾಂಸ ಕಲ್ಲಿನ ಅಂಚಿನಿಂದ ಮೇಲಕ್ಕೆ ಸರಿದು, ಕೆಳಗೆ ಬಿಳಿ ಅಸ್ಥಿ ಒಂದು ಎಳೆಯಷ್ಟು ಕಂಡರೂ ಅದು ಸೋಲುತ್ತಿದೆ ಅಂತ ಅರ್ಥ. ನನ್ನದರಲ್ಲಿ ಆ ಬಿಳಿ ಎಳೆ ಕಂಡದ್ದು ಮಾರ್ಚ್‌ನಲ್ಲಿ. ತೋಟಗಳಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಿದ್ದ ಹೊತ್ತು. ನಾನು ಏನು ಮಾಡಿದೆ? ಬೆಳಕು ಕಡಿಮೆಯಾಗಿದೆ ಅಂತ ಲೈಟ್ ಜಾಸ್ತಿ ಮಾಡಿದೆ! ಹಸಿದವನನ್ನು ಬಿಸಿಲಿಗೆ ನಿಲ್ಲಿಸಿದ ಹಾಗಾಯಿತು. ಕೆಳಗಿನ ಸಾಲು ಅರಳುವುದನ್ನೇ ನಿಲ್ಲಿಸಿತು.

ಏಪ್ರಿಲ್‌ನಲ್ಲಿ ಬುದ್ಧಿ ಬಂದು ಊಟ ಶುರು ಮಾಡಿದೆ. ಪಂಪ್ 15 ನಿಮಿಷ ನಿಲ್ಲಿಸಿ, ಸಿರಿಂಜ್‌ನಲ್ಲಿ ಮೆಲ್ಲಗೆ ಹವಳದ ಮೇಲೆ ಮೋಡದ ಹಾಗೆ ಬಿಡುವುದು, ವಾರಕ್ಕೆ ಮೂರು ಸಲ. ಊಟ ಹಾಕಿದಷ್ಟೂ ನೀರು ಕೆಡುತ್ತದೆ. ಹಾಗಾಗಿ ವಾರಕ್ಕೊಮ್ಮೆ 40 ಲೀಟರ್ ನೀರು ಬದಲಾಯಿಸಬೇಕಾಯಿತು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಕಲಸಿ, ಒಂದು ದಿನ ಪಂಪ್ ಹಾಕಿ ತಿರುಗಿಸಿಡಬೇಕು. 20 ಲೀಟರಿನ ಕ್ಯಾನ್‌ಗಳಲ್ಲಿ ಒದ್ದಾಡಿ ಸಾಕಾಗಿತ್ತು. ಆಲ್ದೂರು ಹತ್ತಿರ ತೋಟ ಇರುವ ಭಾವನಿಗೆ ಫೋನ್ ಮಾಡಿದೆ.

"ಭಾವ, ಒಂದು ದೊಡ್ಡ ಡ್ರಮ್ ಇದ್ರೆ ಬೇಕಿತ್ತು."

"ಶೆಡ್‌ನಲ್ಲಿ ನೀಲಿ ಡ್ರಮ್ ಸುಮ್ನೆ ಬಿದ್ದಿದೆ ಮಾರಾಯ, ತಗೊಂಡು ಹೋಗು."

ತಂದು ಎರಡು ಸಲ ತೊಳೆದೆ. ಮೇ ಕೊನೆಯಲ್ಲಿ ಅದರಲ್ಲಿ ಉಪ್ಪುನೀರು ಕಲಸಿ ಟ್ಯಾಂಕ್‌ಗೆ ಹಾಕಿದೆ. ಮಾರನೇ ದಿನ ಸಿಗಡಿ ಮೂಲೆಯಲ್ಲಿ ಮಗುಚಿ ಬಿದ್ದಿತ್ತು. ಮೂರನೇ ದಿನ ಬಸವನಹುಳುಗಳು ಗಾಜಿನಿಂದ ಒಂದೊಂದೇ ಕಳಚಿ ಬೀಳತೊಡಗಿದವು. ಮೀನುಗಳು ಮಾತ್ರ ಏನೂ ಆಗದ ಹಾಗೆ ಓಡಾಡಿಕೊಂಡಿದ್ದವು. ಅಮೋನಿಯಾ ನೋಡಿದೆ, ಸೊನ್ನೆ. ಉಪ್ಪುನೀರಿನ ಸಾಂದ್ರತೆ 1.025, ಸರಿಯಾಗೇ ಇದೆ. ತಲೆ ಕೆಟ್ಟುಹೋಯಿತು.

ಮೀನು ಬದುಕಿ ಸಿಗಡಿ, ಹುಳು ಸತ್ತರೆ ಮೊದಲು ಅನುಮಾನಿಸಬೇಕಾದದ್ದು ತಾಮ್ರವನ್ನು. ಮೀನಿನ ಕೆಲವು ರೋಗಕ್ಕೆ ತಾಮ್ರವೇ ಔಷಧಿ. ಆದರೆ ಅದೇ ಪ್ರಮಾಣ ಬೆನ್ನೆಲುಬಿಲ್ಲದ ಪ್ರಾಣಿಗಳಿಗೆ ವಿಷ. ಇದು ಹೊಳೆದ ಮೇಲೆ ಟಾರ್ಚ್ ಹಿಡಿದು ಡ್ರಮ್ ಒಳಗೆ ಇಣುಕಿದೆ. ಮುಚ್ಚಳ ಕೂರುವ ತಿರುಪಿನ ಸಂದಿಯಲ್ಲಿ ಪುಡಿಪುಡಿ ಕರೆ. ನೀಲಿ ಡ್ರಮ್ ಮೇಲೆ ನೀಲಿ ಕರೆ, ಎರಡು ಸಲ ತೊಳೆದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮೈಲುತುತ್ತ! ಕಾಫಿಯ ಎಲೆ ತುಕ್ಕು ರೋಗಕ್ಕೆ ಹೊಡೆಯಲು ಭಾವ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಕಲಸುತ್ತಿದ್ದ ಡ್ರಮ್ ಅದು. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್ ಅಂತ ಶಾಲೆಯಲ್ಲಿ ಓದಿದ್ದೇನೆ. ಆದರೂ ಒಂದು ಮಾತು ಕೇಳಬೇಕು ಅಂತ ಅನ್ನಿಸಲಿಲ್ಲ. ಭಾವನನ್ನು ದೂರಿ ಏನು ಪ್ರಯೋಜನ? ಅವರಿಗೆ ಅದು ನೀರಿನ ಡ್ರಮ್ ಅಷ್ಟೇ.

ಹಾಗಾಗಿ ತೋಟದಿಂದ ಬಂದ ಡ್ರಮ್, ಬಕೆಟ್, ಪೈಪ್, ಮಗ್ ಯಾವುದನ್ನೂ ಹವಳದ ಟ್ಯಾಂಕ್ ಹತ್ತಿರ ಸುಳಿಯಲು ಬಿಡಬೇಡಿ. ಎಷ್ಟು ತೊಳೆದರೂ ಬೇಡ. ಬೋರ್ಡೋ ಹೊಡೆದು ಬಂದ ಕೈಯನ್ನೂ ಟ್ಯಾಂಕ್‌ಗೆ ಅದ್ದಬೇಡಿ. ಇನ್ನೊಂದು ಕಳ್ಳದಾರಿ ಅಡುಗೆಮನೆಯಲ್ಲೇ ಇದೆ. ಈಗ ಮನೆಗೆ ಬರುವ ಎಷ್ಟೋ ಆರ್‌ಓ ಫಿಲ್ಟರ್‌ಗಳು ಆರೋಗ್ಯಕ್ಕೆ ಒಳ್ಳೆಯದು ಅಂತ ನೀರಿಗೆ ತಾಮ್ರ ಸೇರಿಸುತ್ತವೆ. ನಮಗೆ ಕುಡಿಯಲು ಸರಿ, ಹವಳಕ್ಕೆ ಬೇಡವೇ ಬೇಡ. ಟ್ಯಾಂಕ್‌ಗೆ ಖನಿಜ ವಾಪಸ್ ಸೇರಿಸದ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಸೊನ್ನೆ ತೋರಿಸುವ ನೀರೇ ಆಗಬೇಕು.

ಆಮೇಲೆ ಹೊಸ ಕ್ಯಾನ್‌ಗಳಲ್ಲಿ ನೀರು ಮಾಡಿ ಮೂರು ಸಲ ಬದಲಾಯಿಸಿದೆ. ಇದ್ದಿಲು ಹಾಕಿದೆ, ತಾಮ್ರ ಹೀರುವ ರೆಸಿನ್ ತರಿಸಿದೆ. ಆದರೆ ಟ್ಯಾಂಕ್‌ನ ಕಲ್ಲು, ಮರಳು ತಾಮ್ರವನ್ನು ಹೀರಿಟ್ಟುಕೊಂಡು ನಿಧಾನವಾಗಿ ವಾಪಸ್ ಬಿಡುತ್ತವೆ. ಮೊದಲೇ ಅರ್ಧ ಸೋತಿದ್ದ ಗೋನಿಯೋಪೊರಾ ಒಂದು ಬೆಳಿಗ್ಗೆ ಕಂದು ಲೋಳೆ ಸುತ್ತಿಕೊಂಡು ಕೂತಿತ್ತು. ಹೊರಗೆ ತೆಗೆದಾಗ ಬಂದ ವಾಸನೆಗೆ ಅಮ್ಮ ಊಟ ಬಿಟ್ಟು ಎದ್ದರು. ಡ್ರಮ್ ಇಲ್ಲದಿದ್ದರೆ ಬದುಕುತ್ತಿತ್ತಾ? ನನಗೆ ನಂಬಿಕೆ ಇಲ್ಲ. ಇನ್ನೂ ಎರಡು ತಿಂಗಳು ಎಳೆದಾಡುತ್ತಿತ್ತೇನೋ.

ಇನ್ನು ಆ ಬಿಲ್ ವಿಷಯ. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿವೆ. 2001ರಲ್ಲಿ ಸೇರಿಸಿದ್ದು. ಹುಲಿ ಇರುವ ಪಟ್ಟಿಯೇ ಅದು. ಗೋನಿಯೋಪೊರಾ ಹೂವಿನ ಹಾಗೆ ಮೆತ್ತಗೆ ಕಂಡರೂ ಗಟ್ಟಿ ಹವಳವೇ. ಈ ಪಟ್ಟಿಯ ಪ್ರಾಣಿಗಳ ಅಪರಾಧಕ್ಕೆ 3ರಿಂದ 7 ವರ್ಷ ಜೈಲು. ಕಛ್, ಮನ್ನಾರ್, ಲಕ್ಷದ್ವೀಪ, ಅಂಡಮಾನ್, ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ, ಎಲ್ಲಿಂದ ಕಿತ್ತು ತಂದರೂ ತಪ್ಪೇ. ಹೊರದೇಶದಿಂದ ಬಂದದ್ದು ಅಂದರೂ ಗಟ್ಟಿ ಹವಳಗಳು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿವೆ, ಕಾಗದಪತ್ರ ಬೇಕೇ ಬೇಕು. "ಫಾರ್ಮ್‌ನಲ್ಲಿ ಬೆಳೆದದ್ದು" ಅನ್ನುವ ಬಾಯಿಮಾತಿಗೆ ಬೆಲೆ ಇಲ್ಲ. ನನ್ನದು ಎಲ್ಲಿಯದ್ದೋ ಏನೋ. ಅದನ್ನು ನೆನೆಸಿಕೊಂಡರೆ 4,500 ಹೋದದ್ದಕ್ಕಿಂತ ಜಾಸ್ತಿ ಸಂಕಟ ಆಗುತ್ತದೆ. ಫೋನ್ ಮಾಡಿ ಕೇಳೋಣ ಅಂದರೆ ಆತ ನನ್ನ ನಂಬರ್ ಬ್ಲಾಕ್ ಮಾಡಿದ್ದ.

ಈಗ ಟ್ಯಾಂಕ್‌ನಲ್ಲಿ ಕ್ಲೌನ್ ಮೀನು ಎರಡೇ ಇವೆ. ಹಳೇ ಕಲ್ಲು, ಮರಳು ಎಲ್ಲ ತೆಗೆದು ಹೊಸದು ಹಾಕಿದ್ದೇನೆ. ಸಿಗಡಿ ಕೂಡ ಇನ್ನೂ ತಂದಿಲ್ಲ. ಡ್ರಮ್ ಆಲ್ದೂರಿಗೆ ವಾಪಸ್ ಹೋಯಿತು. ಮೊನ್ನೆ ಹೋಗಿದ್ದಾಗ ನೋಡಿದೆ, ಭಾವ ಅದರ ಹೊಟ್ಟೆಯ ಮೇಲೆ ಬಿಳಿ ಪೇಂಟ್‌ನಲ್ಲಿ ದೊಡ್ಡದಾಗಿ ಬರೆಸಿದ್ದಾರೆ: ಬೋರ್ಡೋ.